ಅಪ್‌ಡೇಟ್: ಪಿಎಚ್.ಡಿ. ಪ್ರವೇಶಕ್ಕೆ ಕಾಯುತ್ತಿರುವಾಗ ಮನೆಯವರಿಗೆ ಏನು ಹೇಳಲಿ ಎಂದು ಕೇಳಿದ್ದೆ

ಅಮೆರಿಕದ ಐದು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ್ದೇನೆ, ಮನೆಯಲ್ಲಿ ಗಂಡು ನೋಡುವ ಮಾತು ದಿನವೂ ಏಳುತ್ತಿದೆ, ಹೇಗೆ ನಿಭಾಯಿಸಲಿ ಎಂದು ಜನವರಿಯಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಋಣಿಯಾಗಿದ್ದೇನೆ. ‘ಬರೀ ಕಾಯಿರಿ ಎನ್ನಬೇಡಿ, ತಾರೀಖು ಹೇಳಿ, ಹಣದ ಲೆಕ್ಕ ತೋರಿಸಿ’ ಎಂದು ಒಬ್ಬರು ಬರೆದಿದ್ದ ಸಲಹೆಯೇ ಕೈಹಿಡಿಯಿತು.

ತಿಪಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪ ಕೊಬ್ಬರಿ ವಿಂಗಡಿಸುತ್ತಿದ್ದಾಗ ಪಕ್ಕದಲ್ಲಿ ಕುಳಿತು, ಓದುತ್ತಲೇ ತರಗತಿಗಳಲ್ಲಿ ಪಾಠಕ್ಕೆ ನೆರವಾಗುವ ಬೋಧನಾ ಸಹಾಯಕಿಯ ಕೆಲಸ ಸಿಕ್ಕರೆ ಸಾಮಾನ್ಯವಾಗಿ ಬೋಧನಾ ಶುಲ್ಕ ಮನ್ನಾ ಆಗಿ ಭತ್ಯೆಯೂ ಬರುತ್ತದೆ, ತೋಟ ಅಡವಿಡಬೇಕಾಗಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದೆ. ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಪರಸ್ಪರ ಒಪ್ಪಿಕೊಂಡಿರುವಂತೆ, ಧನಸಹಾಯದೊಂದಿಗೆ ಪ್ರವೇಶ ಕೊಡುತ್ತೇವೆ ಎಂದಾಗ ಅದಕ್ಕೆ ಉತ್ತರಿಸಲು ಅಭ್ಯರ್ಥಿಗೆ ಏಪ್ರಿಲ್ 15ರವರೆಗೆ ಸಮಯವಿರುತ್ತದೆ. ಆದ್ದರಿಂದ ಬೇರೆಯವರು ಬೇಡವೆಂದು ಬಿಟ್ಟ ಜಾಗಕ್ಕೆ ಕಾಯುವ ಪಟ್ಟಿ ಕೊನೆಯ ದಿನಗಳಲ್ಲಿಯೂ ಕದಲಬಹುದು ಎಂದೆ. ಅಪ್ಪ ಕೈಯಲ್ಲಿದ್ದ ಗಿಟುಕನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ, ‘ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಲು ಹೆಚ್ಚುಕಮ್ಮಿ ಒಂದು ವರ್ಷ ಕಾಯ್ತೀವಲ್ಲ ಮಗಳೇ, ಏಪ್ರಿಲ್‌ವರೆಗೆ ಯಾರೂ ಮದುವೆ ಮಾತೆತ್ತುವುದಿಲ್ಲ’ ಎಂದರು.

ಮೂರು ಕಡೆ ನಿರಾಕರಣೆಯಾಗಿದೆ. ಒಂದು ಕಡೆ ಪ್ರವೇಶ ಸಿಕ್ಕಿದೆ, ಧನಸಹಾಯವಿಲ್ಲ. ಚಿಕ್ಕಪ್ಪ ಸಾಲ ತೆಗೆದಾದರೂ ಕಳಿಸೋಣ ಎಂದಾಗ ಕಣ್ಣು ತುಂಬಿತಾದರೂ, ಧನಸಹಾಯವಿಲ್ಲದ ಪಿಎಚ್.ಡಿ.ಗೆ ಮನೆಯವರ ಹೆಗಲ ಮೇಲೆ ಸಾಲ ಹೊರಿಸುವುದು ಸರಿಯಲ್ಲವೆಂದು ನಾನೇ ಬೇಡವೆಂದೆ. ಐದನೆಯದರಲ್ಲಿ ಕಾಯುವ ಪಟ್ಟಿಯಲ್ಲಿದ್ದೇನೆ. ಅಮ್ಮ ಈಗ ಬೆಳಗ್ಗೆ ಕಾಫಿ ಕೊಡುವಾಗ ಗಂಡಿನ ವಿಷಯ ಎತ್ತುವುದಿಲ್ಲ, ‘ಮೇಲ್ ಬಂತಾ ಪುಟ್ಟಿ?’ ಎಂದು ಕೇಳುತ್ತಾರೆ.