ಎರಡು ಸೂರ್ಯರ ಮಂಡಲ: ಗ್ರಹ ನಿಲ್ಲುತ್ತಿಲ್ಲ, ಚಂದ್ರ ಕಳಚಿಕೊಳ್ಳುತ್ತಿದೆ (ಬಗೆಹರಿದಿದೆ)

ಹೊಸನಗರದ ಮೇಷ್ಟ್ರು:
ನಮಸ್ಕಾರ. ನಮ್ಮ ಎಂಟನೇ ಕ್ಲಾಸಿನ ಮಕ್ಕಳು ವಿಜ್ಞಾನ ಪ್ರದರ್ಶನಕ್ಕೆ ಅಂತ ಸ್ವಂತದ್ದೊಂದು ಸೌರಮಂಡಲ ಕಟ್ಟಿದ್ದಾರೆ. ಮಳೆ ಹಿಡಿದು ಆಕಾಶ ಕಾಣದೆ ತಿಂಗಳಾಯ್ತು, ಹಾಗಾಗಿ ಇರೋ ನಕ್ಷತ್ರ ಬಿಟ್ಟು ಇಲ್ಲದ ನಕ್ಷತ್ರದ ಹಿಂದೆ ಬಿದ್ದಿದ್ದೇವೆ.

ಎರಡು ಸೂರ್ಯ. ದೊಡ್ಡದು ಅಜ್ಜ, ನಮ್ಮ ಸೂರ್ಯನ 0.9ರಷ್ಟು ತೂಕ. ಸಣ್ಣದು ಮೊಮ್ಮಗ, 0.6. ನಡುವೆ 0.3 ಖಗೋಳಮಾನ ದೂರ (ಭೂಮಿಯಿಂದ ಸೂರ್ಯನಿಗಿರೋ ದೂರ ಅಂದರೆ ಒಂದು ಖಗೋಳಮಾನ). ಎರಡನ್ನೂ ಒಟ್ಟಿಗೆ ಸುತ್ತುವ ಗ್ರಹ ಜಡಿಮಳೆ, 0.6 ಖಗೋಳಮಾನದಲ್ಲಿ, ಭೂಮಿಯಷ್ಟೇ ತೂಕ. ಅದಕ್ಕೆ 8 ಲಕ್ಷ ಕಿ.ಮೀ. ದೂರದಲ್ಲಿ ಒಂದು ಚಂದ್ರ, ಹೆಸರು ಉಂಬಳ (ನಮ್ಮ ಕಡೆ ಜಿಗಣೆಗೆ ಹೇಳೋ ಹೆಸರು).

ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಬರೆದು ಓಡಿಸಿದರೆ ಮೂರು ಸುತ್ತಿನೊಳಗೆ ಜಡಿಮಳೆ ಪರದೆಯಿಂದ ಆಚೆ. ಅಜ್ಜ ಮೊಮ್ಮಗನೂ ದೂರ ದೂರ ಸರಿಯುತ್ತಾರೆ. ಉಂಬಳವಂತೂ ಕಚ್ಚಿಕೊಳ್ಳುವುದೇ ಇಲ್ಲ, ಹೆಸರಿಗೆ ಮರ್ಯಾದೆ ಇಲ್ಲ! ಹೆಜ್ಜೆ, ಅಂದರೆ ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ ಇರೋ ಕಾಲ, ಒಂದು ದಿನ ಇಟ್ಟಿದ್ದೇನೆ. ತಪ್ಪು ಮಂಡಲದಲ್ಲೋ, ನನ್ನ ಲೆಕ್ಕದಲ್ಲೋ?

ತುಂಗಾತೀರ:
ಮೇಷ್ಟ್ರೇ, ಮೊದಲು ಮೊಮ್ಮಗನನ್ನೂ ಉಂಬಳವನ್ನೂ ತೆಗೆದುಹಾಕಿ. ಅಜ್ಜ ಒಬ್ಬನನ್ನು ನಿಲ್ಲಿಸಿ, ಅವನ ತೂಕಕ್ಕೆ ತಕ್ಕ ವೇಗ ಕೊಟ್ಟು ಜಡಿಮಳೆಯನ್ನು ಸುತ್ತಿಸಿ. ಆಗಲೂ ಸುರುಳಿ ಬಿಚ್ಚಿಕೊಂಡು ಹೋದರೆ ಮಂಡಲದ ತಪ್ಪಲ್ಲ. ಹಾಗೇ, ಜಾಗ ಮತ್ತು ವೇಗ ಬದಲಿಸುವ ಎರಡು ಸಾಲು ಇಲ್ಲಿ ಹಾಕಿ ನೋಡೋಣ.

ಹೊಸನಗರದ ಮೇಷ್ಟ್ರು:
ಹೌದು, ಒಬ್ಬನೇ ಇದ್ದರೂ ಸುರುಳಿ. ಸಾಲು ಇವು:

ಜಾಗ = ಜಾಗ + ವೇಗ × ಹೆಜ್ಜೆ
ವೇಗ = ವೇಗ + ಸೆಳೆತ × ಹೆಜ್ಜೆ

ತುಂಗಾತೀರ:
ಸಿಕ್ಕಿತು. ಈ ಎರಡು ಸಾಲು ಅದಲು ಬದಲು ಮಾಡಿ. ಮೊದಲು ವೇಗ, ಆಮೇಲೆ *ಹೊಸ* ವೇಗದಿಂದ ಜಾಗ. ಅಷ್ಟೇ.

ನೀವು ಬರೆದಿರೋದು ಆಯ್ಲರ್ ವಿಧಾನ. ಅದರಲ್ಲಿ ಗ್ರಹ ಪ್ರತಿ ಹೆಜ್ಜೆಗೂ ಸ್ಪರ್ಶರೇಖೆಯ ಮೇಲೆ ನೇರ ಹೋಗಿ ಸ್ವಲ್ಪ ಹೊರಗೆ ಬೀಳುತ್ತೆ, ಒಳಗೆ ಎಳೆಯೋದು ಒಂದು ಹೆಜ್ಜೆ ತಡ. ಹೀಗೆ ಎಲ್ಲಿಂದಲೋ ಶಕ್ತಿ ಸೇರುತ್ತಾ ಹೋಗುತ್ತೆ. ಸಾಲು ತಿರುಗಿಸಿದರೆ ಶಕ್ತಿ ಚೂರು ಹೆಚ್ಚು ಕಡಿಮೆ ಆಡುತ್ತೆ, ಆದರೆ ಒಂದೇ ದಿಕ್ಕಿಗೆ ಏರೋದಿಲ್ಲ. ಒಂದು ಎಚ್ಚರ: ಎಲ್ಲ ಕಾಯಗಳ ಸೆಳೆತವನ್ನೂ ಮೊದಲೇ ಲೆಕ್ಕ ಹಾಕಿಟ್ಟುಕೊಂಡು, ಆಮೇಲೆ ಅವನ್ನು ಕದಲಿಸಿ. ಉಂಬಳ ಇರೋದರಿಂದ ಹೆಜ್ಜೆಯನ್ನೂ ಒಂದು ಗಂಟೆಗೆ ಇಳಿಸಿ.

ಹೊಸನಗರದ ಮೇಷ್ಟ್ರು:
ಸುರುಳಿ ಹೋಯ್ತು, ಮಕ್ಕಳು ಚಪ್ಪಾಳೆ ಹೊಡೆದರು. ಮೊಮ್ಮಗನನ್ನು ವಾಪಸ್ ತಂದೆ, ಈಗ ಇಡೀ ಮಂಡಲವೇ ಮೆರವಣಿಗೆ ಹೊರಟ ಹಾಗೆ ಪರದೆಯ ಬಲಕ್ಕೆ ಸರಿಯುತ್ತಿದೆ.

ಕೊಡಚಾದ್ರಿ ಕತ್ತಲು:
ಅಜ್ಜನನ್ನು ಸೊನ್ನೆಯಲ್ಲಿ ಸುಮ್ಮನೆ ಕೂರಿಸಿ, ಓಡೋದೆಲ್ಲ ಮೊಮ್ಮಗನಿಗೆ ವಹಿಸಿದ್ದೀರಿ ಅಲ್ವಾ? ಇಬ್ಬರೂ ಸುತ್ತಬೇಕು ಮಾರಾಯ್ರೇ. ತಕ್ಕಡಿ ದಂಡಿಗೆಯನ್ನು ನೆನೆಸಿಕೊಳ್ಳಿ, ಭಾರದವನು ನಡುವಿಗೆ ಹತ್ತಿರ. ಸೊನ್ನೆಯಿಂದ ಅಜ್ಜ 0.12, ಮೊಮ್ಮಗ ಎದುರುಗಡೆ 0.18. ವೇಗ ಅಜ್ಜನಿಗೆ ವರ್ಷಕ್ಕೆ 5.62 ಖಗೋಳಮಾನ, ಮೊಮ್ಮಗನಿಗೆ ವಿರುದ್ಧ ದಿಕ್ಕಿಗೆ 8.43. ಒಂದು ಸುತ್ತಿಗೆ 49 ದಿನ. ಗ್ರಹದ ವೇಗ ಲೆಕ್ಕ ಹಾಕುವಾಗಲೂ ಇಬ್ಬರ ತೂಕ ಸೇರಿಸಿ 1.5 ಹಿಡಿಯಿರಿ.

ಹೊಸನಗರದ ಮೇಷ್ಟ್ರು:
ಮೆರವಣಿಗೆ ನಿಂತಿತು. ಅಜ್ಜ ಮೊಮ್ಮಗ ಇಬ್ಬರೂ ಚಂದ ಸುತ್ತುತ್ತಿದ್ದಾರೆ. ಆದರೆ ಜಡಿಮಳೆ ಸ್ವಲ್ಪ ಹೊತ್ತು ಸರಿಯಾಗಿದ್ದು, ಆಮೇಲೆ ಅಡ್ಡಾದಿಡ್ಡಿ ಓಡಿ ಮಾಯ. ಇನ್ನೂ ಲೆಕ್ಕದ ತಪ್ಪಾ?

ತುಂಗಾತೀರ:
ಇಲ್ಲ, ಇದು ನಿಜವಾದ ತೊಂದರೆ. ನಿಮ್ಮ ಕಂಪ್ಯೂಟರ್ ಈಗ ಸತ್ಯ ಹೇಳ್ತಿದೆ.

ಜೋಡಿ ಸೂರ್ಯರನ್ನು ಹೊರಗಿನಿಂದ ಸುತ್ತುವ ಗ್ರಹ ತೀರಾ ಹತ್ತಿರ ಬಂದರೆ ಉಳಿಯಲ್ಲ. ಸೂರ್ಯರು ವೃತ್ತದಲ್ಲೇ ಸುತ್ತುತ್ತಿದ್ದರೂ ನಿಮ್ಮ ತೂಕಗಳಿಗೆ ಗಡಿ ಅವರ ನಡುವಿನ ದೂರದ ಸುಮಾರು 2.4 ಪಟ್ಟು, ಅಂದರೆ 0.73. ನೀವು ಇಟ್ಟಿರೋದು 0.6, ಬರೀ ಎರಡು ಪಟ್ಟು. ಕೆಪ್ಲರ್-16ಬಿ ಅಂತ ಒಂದು ನಿಜವಾದ ಗ್ರಹ ಇದೆ, 2011ರಲ್ಲಿ ಪ್ರಕಟವಾಯ್ತು. ಅದರ ಸೂರ್ಯರು 41 ದಿನಕ್ಕೊಂದು ಸುತ್ತು, ಗ್ರಹ 229 ದಿನಕ್ಕೊಂದು. ಅದೂ ಮೂರು ಪಟ್ಟು ದೂರ ಕಾಯ್ದುಕೊಂಡೇ ಬದುಕಿದೆ.

ಇನ್ನೊಂದು ಮಾತು. 0.6ರಲ್ಲಿ ಗ್ರಹ ನಿಂತಿದ್ದರೂ ಅಲ್ಲಿ ಮಳೆ ಎಲ್ಲಿಂದ ಬರಬೇಕು? ನಕ್ಷತ್ರದ ಬೆಳಕು ತೂಕದ ನಾಲ್ಕನೇ ಘಾತದ ಹಾಗೆ ಏರುತ್ತೆ ಅಂತ ಅಂದಾಜು ಹಿಡಿದರೆ ಅಜ್ಜ 0.66, ಮೊಮ್ಮಗ 0.13, ಒಟ್ಟು 0.79. ಅದನ್ನು 0.6ರ ವರ್ಗದಿಂದ ಭಾಗಿಸಿ: ಭೂಮಿಗೆ ಸಿಗೋದರ 2.2 ಪಟ್ಟು. ಶುಕ್ರನಿಗೇ 1.9 ಪಟ್ಟು. ಜಡಿಮಳೆ ಅಲ್ಲ ಅದು, ಬಚ್ಚಲೊಲೆ. 0.9ಕ್ಕೆ ತಳ್ಳಿ, ಬಿಸಿಲು ಭೂಮಿಯ ಶೇ. 97ರಷ್ಟು, ವರ್ಷ 255 ದಿನ, ದೂರ ಸರಿಯಾಗಿ ಮೂರು ಪಟ್ಟು.

ಉಂಬಳದ ಕತೆಯೂ ಇದೇ. ಸೂರ್ಯರ ಎದುರು ಗ್ರಹದ ಹಿಡಿತ ಎಲ್ಲಿವರೆಗೆ ಅನ್ನೋದಕ್ಕೆ ಹಿಲ್ ಗೋಳ ಅಂತಾರೆ. ಹಳೆ ಜಾಗದಲ್ಲಿ ಆ ಗಡಿಯೇ 7.8 ಲಕ್ಷ ಕಿ.ಮೀ., ನೀವು ಚಂದ್ರನನ್ನು ಇಟ್ಟಿದ್ದು 8 ಲಕ್ಷಕ್ಕೆ! 0.9ರಲ್ಲಿ ಗಡಿ 11.8 ಲಕ್ಷಕ್ಕೆ ಹೋಗುತ್ತೆ. ಆದರೆ ಗಡಿಯ ಅರ್ಧದಾಚೆ ಚಂದ್ರ ಬಹುಕಾಲ ನಿಲ್ಲೋದು ಕಷ್ಟ. 3 ಲಕ್ಷ ಇಡಿ, 19 ದಿನಕ್ಕೊಂದು ಸುತ್ತು ಹಾಕುತ್ತೆ.

ಕೊಡಚಾದ್ರಿ ಕತ್ತಲು:
ಮಕ್ಕಳಿಗೆ ಇದನ್ನೂ ಹೇಳಿ: ಜಡಿಮಳೆಯಲ್ಲಿ ನಿಂತು ಕೈ ನೀಡಿ ಮುಷ್ಟಿ ಹಿಡಿದರೆ, ಇಬ್ಬರು ಸೂರ್ಯರು ಹೆಚ್ಚೆಂದರೆ ಎರಡು ಮುಷ್ಟಿಯಷ್ಟು ದೂರ, 19 ಡಿಗ್ರಿ. ಎಲ್ಲ ಒಂದೇ ಸಮತಲದಲ್ಲಿದ್ದರೆ ಸುಮಾರು 30 ದಿನಕ್ಕೊಮ್ಮೆ ಒಬ್ಬ ಇನ್ನೊಬ್ಬನಿಗೆ ಮರೆ. ಮೊಮ್ಮಗ ಹಿಂದೆ ಹೋದರೆ ಬಿಸಿಲು ಆರನೇ ಒಂದು ಪಾಲು ಕಮ್ಮಿ, ಅಜ್ಜನ ಮುಂದೆ ಬಂದರೆ ಮೂರನೇ ಒಂದಕ್ಕಿಂತ ಜಾಸ್ತಿ.

ಹೊಸನಗರದ ಮೇಷ್ಟ್ರು:
ನಿನ್ನೆ ರಾತ್ರಿ ಕರೆಂಟು ಹೋದರೂ ಯುಪಿಎಸ್‌ನಲ್ಲಿ ಓಡಿಸಿದೆ. ಬೆಳಿಗ್ಗೆ ನೋಡಿದರೆ 1000 ಸುತ್ತು ದಾಟಿದೆ, ಜಡಿಮಳೆ ಜಾಗದಲ್ಲೇ ಇದೆ, ಉಂಬಳ ಕಚ್ಚಿಕೊಂಡೇ ಇದೆ.

ಆ 30 ದಿನದ ಮರೆಯನ್ನು ಮಕ್ಕಳು ತಿಂಗಳು ಮಾಡಿಕೊಂಡರು, ಒಂದು ಬಿಟ್ಟು ಒಂದು ಅಜ್ಜನ ತಿಂಗಳು, ಮೊಮ್ಮಗನ ತಿಂಗಳು. ವರ್ಷಕ್ಕೆ ಎಂಟೂವರೆ ತಿಂಗಳಾಗುತ್ತಲ್ಲ ಅಂದರೆ, ಹಿಂದಿನ ಬೆಂಚಿನ ಹುಡುಗಿ "ಅಧಿಕ ಮಾಸ ಹಾಕಿದರಾಯ್ತು ಸರ್" ಅಂದಳು. ಪ್ರದರ್ಶನಕ್ಕೆ ಎರಡು ಟಾರ್ಚ್ ಹಿಡಿದು, ಒಂದಕ್ಕೆ ಕೇಸರಿ ಜಿಲೇಟಿನ್ ಸುತ್ತಿ, ಅಡಿಕೆ ಸಸಿಗೆ ಎರಡು ನೆರಳು ಬೀಳಿಸುವ ತಯಾರಿ ನಡೆದಿದೆ. ಬಚ್ಚಲೊಲೆ ಹೆಸರು ಚೆನ್ನಾಗಿದೆಯಂತೆ, ಅದಕ್ಕೊಂದು ಗ್ರಹ ಬೇಕೇ ಬೇಕು ಅಂತ ಹಟ ಹಿಡಿದಿದ್ದಾರೆ. 0.75ರಲ್ಲಿ ಇಟ್ಟು ನೋಡ್ತೇನೆ, ಓಡಿಹೋದರೆ ಮತ್ತೆ ಇಲ್ಲಿಗೇ ಬರ್ತೇನೆ.