ಗಾಳಕ್ಕೆ ಬೊಂಡಾಸ್ (ಸ್ಕ್ವಿಡ್): ಕಯಾಕಿನ ಪಕ್ಕ ಬಂದು ಕಳಚಿಕೊಳ್ಳುವುದು ಯಾಕೆ?

ಕಡಲಬದಿ:
ಕಾಸರಗೋಡಿನ ಶಿರಿಯ ಅಳಿವೆಯ ಹೊರಗೆ, ಸುಮಾರು 8 ಮೀಟರ್ ಆಳ. ಮುರು, ಕೆಂಬೇರಿ ಮೀನು ಹಿಡಿಯಲು ಗಾಳಕ್ಕೆ ಜೀವಂತ ಬೊಂಡಾಸ್ ಬೇಕು. 3.0 ಸೈಜಿನ ಜಿಗ್ಗಿಗೆ (ಮುಳ್ಳುಗಳಿರುವ ನಕಲಿ ಸೀಗಡಿ) ಹಿಡಿಯುತ್ತದೆ, ಆದರೆ ಐದರಲ್ಲಿ ಮೂರು ಕಯಾಕಿನ ಹತ್ತಿರ ಕಳಚಿಕೊಳ್ಳುತ್ತವೆ. ಬಕೆಟಿಗೆ ಹಾಕಿದವೂ ಬೇಗ ಸಾಯುತ್ತವೆ. ತಪ್ಪೆಲ್ಲಿ?

ಅಳಿವೆಬಾಗಿಲು:
ಜಿಗ್ಗಿನ ಮುಳ್ಳುಗಳಿಗೆ ಹಿಂಗೊಕ್ಕೆ (ಸಿಕ್ಕಿದ್ದು ಜಾರದಂತೆ ತಡೆಯುವ ಹಿಮ್ಮುಖ ಮೊನೆ) ಇರುವುದಿಲ್ಲ. ದಾರ ಒಂದು ಕ್ಷಣ ಸಡಿಲವಾದರೂ ಬೊಂಡಾಸ್ ಜಾರಿತು ಅಂತಲೇ ಲೆಕ್ಕ. ರಾಡ್ ಎತ್ತಿ ಇಳಿಸಿ ಎಳೆಯಬೇಡಿ. ಅಲೆಗೆ ಕಯಾಕ್ ಏಳುವಾಗ ದಾರ ಬಿಗಿಯುತ್ತದೆ, ಇಳಿಯುವಾಗ ಸಡಿಲ ಬೀಳುತ್ತದೆ. ರಾಡಿನ ತುದಿ ಬಾಗಿದ ಹಾಗೇ ಇಟ್ಟು ಒಂದೇ ವೇಗದಲ್ಲಿ ರೀಲ್ ಸುತ್ತಿ. ಡ್ರ್ಯಾಗ್ (ರೀಲಿನಲ್ಲಿ ದಾರ ಬಿಡುವ ಬಿಗಿ) ಬೆರಳಲ್ಲಿ ಎಳೆದರೆ ಸರಾಗ ಬಿಚ್ಚುವಷ್ಟು ಹಗುರ ಇರಲಿ. ಎಷ್ಟೋ ಸಲ ಉದ್ದದ ಎರಡು ತೋಳು ಮಾತ್ರ ಸಿಕ್ಕಿರುತ್ತವೆ, ಜೋರು ಎಳೆದರೆ ಹರಿದು ಹೋಗುತ್ತವೆ.

ಮುಖ್ಯ ಸಂಗತಿ ಬಲೆಯದು. ಬೊಂಡಾಸ್ ಹೆದರಿದರೆ ಹಿಂದಕ್ಕೆ, ಬಾಲದ ಕಡೆಗೆ ಚಿಮ್ಮುತ್ತದೆ. ಕೈಬಲೆಯನ್ನು ತಲೆಯ ಕಡೆಯಿಂದ ಹಾಕಿದರೆ ಓಡಿಸಿದ ಹಾಗೆ. ಬಾಲದ ಹಿಂದೆ ನೀರಲ್ಲೇ ಹಿಡಿದಿಡಿ, ಅದಾಗಿಯೇ ಒಳಗೆ ಬರುತ್ತದೆ. ಎತ್ತುವ ಮೊದಲು ಮಸಿ ನೀರಲ್ಲೇ ಕಾರಲಿ. ಮಸಿ ಬರುವ ಕೊಳವೆ ತಲೆಯ ಅಡಿಯಲ್ಲಿದೆ, ಅದನ್ನು ನಿಮ್ಮ ಕಡೆಗೆ ತಿರುಗಿಸಬೇಡಿ.

ಇನ್ನೊಂದು: 3.0 ಜಿಗ್ ಸುಮಾರು 15 ಗ್ರಾಂ, ಒಂದು ಮೀಟರ್ ಇಳಿಯಲು ಮೂರು ಸೆಕೆಂಡಿನ ಮೇಲೆ ಬೇಕು. 8 ಮೀಟರಿಗೆ 25 ಎಣಿಸಿ. ಕಯಾಕ್ ಗಾಳಿಗೆ ಸರಿಯುತ್ತಿದ್ದರೆ ದಾರ ಓರೆಯಾಗಿ ಜಿಗ್ ತಳಕ್ಕೆ ಹೋಗುವುದೇ ಇಲ್ಲ, ಡ್ರೋಗ್ (ಕಯಾಕ್ ಸರಿಯುವುದನ್ನು ನಿಧಾನಿಸುವ ನೀರಿನ ಚೀಲ) ನೀರಿಗೆ ಬಿಡಿ. ಎರಡು ಮೂರು ಸಲ ಜಗ್ಗಿ ಬಿಟ್ಟರೆ, ಇಳಿಯುವಾಗಲೇ ಹಿಡಿಯುವುದು ಹೆಚ್ಚು. ಇಳಿಯುತ್ತಿದ್ದ ದಾರ ನಡುವೆ ನಿಂತಿತೋ, ಮೆಲ್ಲಗೆ ಎತ್ತಿ.

ಹುಟ್ಟುಗೋಲು:
ಬಕೆಟಿನ ವಿಷಯ. 20 ಲೀಟರಿಗೆ ಎರಡೇ ಸಾಕು. ಒಂದು ಮಸಿ ಕಾರಿದರೂ ನೀರು ಪೂರ್ತಿ ಬದಲಿಸಿ, ಆ ನೀರಲ್ಲಿ ಉಳಿದದ್ದೂ ಸಾಯುತ್ತದೆ. ಒಣ ಕೈಯಲ್ಲಿ ಮುಟ್ಟಬೇಡಿ. ಸತ್ತದ್ದನ್ನು ಜಿಪ್ ಚೀಲದಲ್ಲಿ ಹಾಕಿಯೇ ಐಸಿಗಿಡಿ. ಕರಗಿದ ಸಿಹಿನೀರು ತಾಗಿದರೆ ಬೆಳ್ಳಗಾಗಿ ಮೆತ್ತಗಾಗುತ್ತದೆ, ಗಾಳದಲ್ಲಿ ನಿಲ್ಲುವುದಿಲ್ಲ. ಮಾರ್ಕೆಟಿನ ಬೊಂಡಾಸ್ ಗಾಳಕ್ಕೆ ಸಪ್ಪೆಯಾಗುವುದೂ ಇದರಿಂದಲೇ.

ಪೋಣಿಸುವಾಗ ಎರಡು ಗಾಳ: ಒಂದು ಬಾಲದ ತುದಿಗೆ, ಇನ್ನೊಂದು ತಲೆಯ ಹತ್ತಿರ ಚರ್ಮಕ್ಕೆ ಮಾತ್ರ. ಹೊಟ್ಟೆಯ ನಡುವೆ ಚುಚ್ಚಿದರೆ ಬದುಕುವುದಿಲ್ಲ. ಚೂಪು ಹಲ್ಲಿನ ಅಂಜಲ್ ಮೀನು ಬರುವ ಜಾಗವಾದರೆ ಗಾಳದ ಮೇಲೆ ತಂತಿ ಬೇಕೇ ಬೇಕು.

ಕಡಲಬದಿ:
ಬಲೆ ತಲೆ ಕಡೆಯಿಂದಲೇ ಹಾಕುತ್ತಿದ್ದದ್ದು! ಮಳೆ ಬಂದ ಮರುದಿನ ಒಂದೂ ಹಿಡಿಯುವುದಿಲ್ಲ, ಅದಕ್ಕೂ ಜಿಗ್ ಬದಲಿಸಬೇಕಾ?

ಅಳಿವೆಬಾಗಿಲು:
ಜಿಗ್ ಅಲ್ಲ, ಜಾಗ. ಹೊಳೆಯ ಕೆಂಪು ಸಿಹಿನೀರನ್ನು ಬೊಂಡಾಸ್ ಸಹಿಸುವುದಿಲ್ಲ. ಕೆಂಪು ಮುಗಿದು ಹಸಿರು ಶುರುವಾಗುವ ಗೆರೆಯಿಂದ ಆಚೆ ನೋಡಿ. ಆದರೆ ಬೆಳಗ್ಗಿನ ಮೂಡುಗಾಳಿ ಕಯಾಕನ್ನು ಹೊರಗೇ ತಳ್ಳುತ್ತದೆ, ಗೆರೆ ದೂರವಿದ್ದರೆ ಆ ದಿನ ಬಿಟ್ಟುಬಿಡಿ.