ಸಹಾಯ ಬೇಕು: ಕೃಪೆಯನ್ನು ನಂಬಿದ್ದೇನೆ, ಆದರೂ ‘ನನ್ನ ಯೋಗ್ಯತೆ ಸಾಲದು’ ಎಂಬ ಕೊರಗು ಬಿಡುತ್ತಿಲ್ಲ

ಪ್ರೀತಿಯ ಸಹೋದರ ಸಹೋದರಿಯರಿಗೆ ಕ್ರಿಸ್ತನ ನಾಮದಲ್ಲಿ ವಂದನೆಗಳು.

ರಕ್ಷಣೆ ದೇವರ ವರವೇ ಹೊರತು ನಮ್ಮ ಕ್ರಿಯೆಗಳ ಫಲವಲ್ಲ ಎಂದು ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಸಭೆಯ ಮಕ್ಕಳಿಗೆ ಇದನ್ನು ಕಲಿಸುವವಳೇ ನಾನು. ಆದರೆ ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದ ಕೂಡಲೇ ಮನಸ್ಸು ಲೆಕ್ಕ ತೆಗೆಯುತ್ತದೆ: ಇಂದು ವಾಕ್ಯ ಓದಿದ್ದು ಸಾಲದು, ಮನೆಯವರೊಡನೆ ತಾಳ್ಮೆ ಸಾಲದು, ಈ ಪ್ರಾರ್ಥನೆಯಲ್ಲಿ ಏಕಾಗ್ರತೆಯೂ ಸಾಲದು. ಯಾರಾದರೂ ಮೆಚ್ಚಿ ಮಾತನಾಡಿದರೆ ಒಳಗೊಳಗೇ ಕುಗ್ಗಿಹೋಗುತ್ತೇನೆ.

ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯದಲ್ಲಿ, ಆಸ್ತಿಯನ್ನೆಲ್ಲ ಹಾಳುಮಾಡಿ ಮನೆಗೆ ಮರಳಿ ಬರುವ ಕಿರಿಯ ಮಗ ತಂದೆಗೆ ಹೇಳಬೇಕಾದ ಮಾತನ್ನು ಮೊದಲೇ ಜೋಡಿಸಿಕೊಂಡಿರುತ್ತಾನೆ. ತಾನು ಯೋಗ್ಯನಲ್ಲ ಎನ್ನುವಷ್ಟರಲ್ಲೇ ತಂದೆ ನಿಲುವಂಗಿ, ಉಂಗುರ, ಜೋಡು ತರಿಸುತ್ತಾನೆ. ಓದಿದಾಗಲೆಲ್ಲ ಕಣ್ಣು ತುಂಬುತ್ತದೆ. ಆದರೆ ನನ್ನನ್ನು ಹೆಚ್ಚು ಕಾಡುವವನು ಹಿರಿಯ ಮಗ. ತಂದೆಯ ಮನೆಯಲ್ಲೇ ಇದ್ದು ಆಳಿನಂತೆ ದುಡಿದವನು ಅವನು. ನನ್ನ ಸೇವೆಯೂ ಹಾಗೇ ಆಗುತ್ತಿದೆ ಎಂಬ ಭಯ ನನಗೆ.

ಈ ಹೋರಾಟವನ್ನು ದಾಟಿದವರು ದಯವಿಟ್ಟು ತಿಳಿಸಿ. ಪವಿತ್ರಾತ್ಮನು ಕೊಡುವ ಪಾಪದ ಅರಿವನ್ನೂ ಸದಾ ಚುಚ್ಚುವ ಈ ದೂಷಣೆಯನ್ನೂ ಹೇಗೆ ಬೇರೆಯಾಗಿ ಗುರುತಿಸುತ್ತೀರಿ? ನಿಮ್ಮ ದಿನದ ಪ್ರಾರ್ಥನೆಯಲ್ಲಿ ಏನನ್ನು ಬದಲಿಸಿಕೊಂಡಿರಿ? ಕ್ರಿಸ್ತ ಯೇಸುವಿನಲ್ಲಿರುವವರಿಗೆ ಅಪರಾಧನಿರ್ಣಯವಿಲ್ಲ ಎನ್ನುವ ರೋಮಾಪುರದವರಿಗೆ 8:1 ನನಗೆ ಬಾಯಿಪಾಠವಾಗಿದೆ. ಹಾಗಾಗಿ ವಚನಗಳ ಪಟ್ಟಿಗಿಂತ ನಿಮ್ಮ ಅನುಭವವೇ ಹೆಚ್ಚು ಬೇಕಾಗಿದೆ. ಸಭಾಪಾಲಕರ ಬಳಿ ಈ ವಿಷಯವನ್ನು ಹೇಗೆ ಎತ್ತಬೇಕೆಂದೂ ಹೇಳಿ. ಆಪ್ತಸಮಾಲೋಚಕರನ್ನು ಕಂಡವರಿದ್ದರೆ ಸಂಕೋಚವಿಲ್ಲದೆ ಬರೆಯಿರಿ. ಅದು ನಂಬಿಕೆಯ ಕೊರತೆ ಎಂದು ನಾನು ಎಂದೂ ಭಾವಿಸುವುದಿಲ್ಲ.